ಕೈಫೋನಿನ ಪೈಪೋಟಿಯಲ್ಲಿ ಕನ್ನಡದ ಪಾಲು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಅಂಗಡಿಯೊಂದರಲ್ಲಿ ಹೊಸ ಫೋನನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಮೂಡುವ ಭಾಷೆಗಳ ಪಟ್ಟಿಯಲ್ಲಿ ಗುಜರಾತಿಯೊಡನೆ ಕನ್ನಡವೂ ಇರುವುದನ್ನು ಇಂದು ಯಾರೂ ವಿಶೇಷವೆಂದು ಎಣಿಸುವುದಿಲ್ಲ; ಆದರೆ ಈ ಸ್ಥಾನವು ನಮ್ಮ ಭಾಷೆಗೆ ಯಾರ ಔದಾರ್ಯದಿಂದಲೂ ದೊರೆತುದಲ್ಲ, ಮಾರುಕಟ್ಟೆಯ ಪಾಲಿಗಾಗಿ ಕಾರ್ಯಾಚರಣ ವ್ಯವಸ್ಥೆಗಳು ನಡೆಸಿದ ಸ್ಪರ್ಧೆಯಿಂದ ದೊರೆತುದು. ಅಗ್ಗದ ಫೋನುಗಳ ಮೂಲಕ ಹಳ್ಳಿಹಳ್ಳಿಗೂ ಇಳಿಯಬೇಕಾಗಿದ್ದ ಗೂಗಲ್‌ನ ಆಂಡ್ರಾಯ್ಡ್, 2014ರ ಲಾಲಿಪಾಪ್ ಆವೃತ್ತಿಯಲ್ಲಿಯೇ ಕನ್ನಡವನ್ನು ಅಂಗೀಕರಿಸಿತು. ಇಂಗ್ಲಿಷು ಬಲ್ಲ ಸ್ಥಿತಿವಂತರನ್ನೇ ನೆಚ್ಚಿದ್ದ ಆಪಲ್, 2017ರಲ್ಲಿ ಕನ್ನಡದ ಕೀಲಿಮಣೆಯನ್ನಷ್ಟೇ ಕೊಟ್ಟು, ಇಡೀ ಐಫೋನನ್ನು ಕನ್ನಡದಲ್ಲಿ ಬಳಸಲು ಅನುವು ಮಾಡಿದುದು 2025ರಲ್ಲಿ, ಐಓಎಸ್ 18.4 ಬಂದಾಗ.

ಆ ಬಡಾವಣೆಗೆ ಹೆಸರು ಬರಲು ಕಾರಣವಾದ ಇಸ್ರೋ ಕೇಂದ್ರದ ಚರಿತ್ರೆಯಾದರೋ ಬೇರೊಂದು ನ್ಯಾಯವನ್ನು ಹೇಳುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವು ತಲಪಿದಾಗ, ತಂತಿಬಲೆಯಿಂದ ಹೆಣೆದ ಮೂರು ಮೀಟರು ಅಗಲದ ಆಂಟೆನಾಗಳ ಕೆಳಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ರೈತರು ಕೃಷಿ ಆರೋಗ್ಯಗಳ ವಿಚಾರವನ್ನು ಕನ್ನಡದಲ್ಲಿಯೇ ಕೇಳಿದರು. ಅವರು ಗ್ರಾಹಕರೋ ಅಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಭಾಷೆಯು ಯೋಜನೆಯ ಆರಂಭದಲ್ಲಿಯೇ ಸೇರಿತ್ತು.

ಫೋನಿನ ವಿಷಯದಲ್ಲಿ ಅಂತಹ ಸಾರ್ವಜನಿಕ ಸಂಕಲ್ಪವಿಲ್ಲದಿರುವುದರಿಂದ, ನಮಗುಳಿದಿರುವ ಆಸರೆ ಸ್ಪರ್ಧೆಯೊಂದೇ; ಅದೂ ಈಗ ಕ್ಷೀಣಿಸುತ್ತಿದೆ. ಭಾರತದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ಸುಮಾರು 95ರಷ್ಟು ಆಂಡ್ರಾಯ್ಡಿನವು. ಮೈಕ್ರೋಸಾಫ್ಟು ನೋಕಿಯದ ಫೋನು ವ್ಯವಹಾರವನ್ನೇ ಕೊಂಡರೂ ವಿಂಡೋಸ್ ಫೋನು ಉಳಿಯಲಿಲ್ಲ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನಿನೊಡನೆ ಮನೆಮನೆ ಹೊಕ್ಕ ಕೈಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಮಾತ್ರ ಕೆಲಕಾಲ ಮೂರನೆಯ ಶಕ್ತಿಯಾಗುವ ಭರವಸೆ ಹುಟ್ಟಿಸಿತ್ತು. ಆದರೆ ಯಾವ ವ್ಯವಸ್ಥೆಗಾದರೂ ಜೀವ ತುಂಬುವುದು ಅದರ ಮೇಲೆ ನಡೆಯುವ ಆ್ಯಪ್‌ಗಳು, ಮತ್ತು ಅವುಗಳ ತಯಾರಕರು ಬಳಕೆದಾರರು ಹೆಚ್ಚಿರುವ ಕಡೆಗೇ ಹೋಗುವರಾದುದರಿಂದ, 2024ರಲ್ಲಿ ವಾಟ್ಸ್‌ಆ್ಯಪ್ ಕೈಓಎಸ್‌ನಿಂದ ಹಿಂದೆ ಸರಿಯತೊಡಗಿದುದು ಅದಕ್ಕೆ ದೊಡ್ಡ ಪೆಟ್ಟಾಯಿತು.

ಆದಕಾರಣ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದ ಆಜ್ಞೆಯನ್ನು ಕಂಪನಿಗಳ ನಡುವಣ ಜಗಳವೆಂದು ತಳ್ಳಿಹಾಕುವುದು ಸಲ್ಲದು. ಪ್ಲೇ ಸ್ಟೋರು ಬೇಕಾದರೆ ಗೂಗಲ್‌ನ ಇತರ ಆ್ಯಪ್‌ಗಳನ್ನೂ ಒಟ್ಟಾಗಿಯೇ ತುಂಬಬೇಕೆಂದು ಫೋನು ತಯಾರಕರಿಗೆ ಹಾಕಿದ್ದ ಕರಾರನ್ನು ಆಯೋಗ ಖಂಡಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದರೂ, ಮೊದಲೇ ತುಂಬಿದ ಆ್ಯಪ್‌ಗಳನ್ನು ಬಳಕೆದಾರನು ತೆಗೆದುಹಾಕಲು ಅವಕಾಶವಿರಬೇಕೆಂಬ ನಿರ್ದೇಶವೂ ಸೇರಿ ಆಯೋಗದ ನಾಲ್ಕು ನಿರ್ದೇಶಗಳನ್ನು ರದ್ದುಪಡಿಸಿತು. ನನ್ನ ಎಣಿಕೆಯಲ್ಲಿ ಆ ನಾಲ್ಕರಲ್ಲಿ ಇದೇ ದೊಡ್ಡ ನಷ್ಟ. ಮದರಾಸ್ ಐಐಟಿಯಲ್ಲಿ ರೂಪುಗೊಂಡ ಭಾರ್‌ಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು 2023ರಲ್ಲಿ ಪ್ರಕಟವಾದಾಗ ಅದು ಹೇಳಿಕೊಂಡ ಹಿರಿಮೆಯೂ, ಬಳಕೆದಾರನು ಬೇಡವೆಂದ ಆ್ಯಪ್‌ಗಳನ್ನು ತಾನು ಹೇರುವುದಿಲ್ಲವೆಂಬುದೇ ಆಗಿತ್ತು. ಸ್ವದೇಶಿ ವ್ಯವಸ್ಥೆಯೊಂದನ್ನು ಕಟ್ಟಿ ಹೆಮ್ಮೆಪಡುವುದಕ್ಕಿಂತ ಮೊದಲು, ಕನ್ನಡದ ಕೀಲಿಮಣೆಯನ್ನೋ ಹುಡುಕು ಸಾಧನವನ್ನೋ ಮಾಡಿದ ಸಣ್ಣ ತಯಾರಕನು ಗೂಗಲ್‌ನ ಸಾಧನದ ಪಕ್ಕದಲ್ಲಿ, ಅದೇ ಮೊದಲ ಪರದೆಯ ಮೇಲೆ, ಸಮಾನವಾಗಿ ನಿಲ್ಲುವಂತೆ ಕಾನೂನು ಮಾಡಬೇಕು. ಕರ್ನಾಟಕ ಸರಕಾರವು ತನ್ನ ಕಚೇರಿಗಳಿಗೆ ಫೋನು, ಟ್ಯಾಬ್ಲೆಟ್ಟುಗಳನ್ನು ಕೊಳ್ಳುವಾಗ ಈ ಷರತ್ತನ್ನು ಟೆಂಡರಿನಲ್ಲಿಯೇ ಬರೆಯಬಹುದು.