ವಿದೇಶದ ಔಷಧ ದಾನ: ಗುಬ್ಬಿ, ಕುಣಿಗಲ್‌ವರೆಗೆ ತಲುಪುವುದು ಹೇಗೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧ ದಾನಕ್ಕೆ ಜೈನ ಸಮಾಜ ಹಿಂಜರಿದ ಕಾಲವಿಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆ ಎದ್ದಾಗ ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟ ‘ಜೈನಾ’ ಹಣ ಸಂಗ್ರಹಿಸಿ ಭಾರತಕ್ಕೆ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳನ್ನು ಕಳುಹಿಸಿತು. ಈಗ ಪರಿಸ್ಥಿತಿ ಬೇರೆ. ಅಮೆರಿಕದ ಯುಎಸ್‌ಏಡ್ ಸಂಸ್ಥೆ 2025ರ ಜುಲೈ 1ರಿಂದ ಸ್ವತಂತ್ರವಾಗಿ ಉಳಿದಿಲ್ಲ. ಸರ್ಕಾರಗಳ ನೆರವು ಕುಗ್ಗಿದಷ್ಟೂ ಸಮುದಾಯಗಳ ಮತ್ತು ಅನಿವಾಸಿ ಕುಟುಂಬಗಳ ದಾನದ ಮೇಲೆ ಭಾರ ಹೆಚ್ಚುತ್ತದೆ. ಆ ದಾನ ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯ ಹಾಸಿಗೆಯವರೆಗೆ ಬರಬೇಕಾದರೆ ಏನು ಬೇಕು ಎಂಬುದನ್ನು 2021ರ ಅನುಭವದಿಂದಲೇ ನೋಡಬೇಕು.

ಆ ವರ್ಷ ಏಪ್ರಿಲ್ 27ರಂದು ಬ್ರಿಟನ್ನಿನ ಮೊದಲ ಸರಕು ದೆಹಲಿಗೆ ಬಂತು. ಯಾವ ರಾಜ್ಯಕ್ಕೆ ಎಷ್ಟು ಎಂಬ ಹಂಚಿಕೆಯ ಕಾರ್ಯವಿಧಾನವನ್ನು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ್ದು ಮೇ 2ರಂದು. ಉಸಿರಿಗಾಗಿ ಜನ ಒದ್ದಾಡುತ್ತಿದ್ದ ಆ ದಿನಗಳಲ್ಲಿ ಇದು ಸಣ್ಣ ವಿಳಂಬವಲ್ಲ. ಅದೇ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದೊಳಗೆ 24 ಸಾವುಗಳು ವರದಿಯಾದವು. ಸಿಲಿಂಡರ್ ಬರಬೇಕಿದ್ದುದು ಸುಮಾರು 60 ಕಿ.ಮೀ. ದೂರದ ಮೈಸೂರಿನಿಂದ. ಮೂರು ದಿನಗಳ ನಂತರ ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೈನ್‌ನಿಂದ ದ್ರವ ಆಮ್ಲಜನಕದ ಕಂಟೇನರ್‌ಗಳನ್ನು ಹೊತ್ತು ನವಮಂಗಳೂರು ಬಂದರಿಗೆ ಬಂತು. ಅರಬ್ಬಿ ಸಮುದ್ರವನ್ನು ದಾಟಿಸಲು ಸಾಧ್ಯವಾಯಿತು, ಮೈಸೂರು–ಚಾಮರಾಜನಗರ ರಸ್ತೆಯನ್ನು ದಾಟಿಸಲು ಆಗಲಿಲ್ಲ.

ಈ ದೃಷ್ಟಿಯಿಂದ ತುಮಕೂರನ್ನು ನೋಡಿದರೆ, ನಗರದಿಂದ ಬಿ.ಎಚ್. ರಸ್ತೆಯಲ್ಲಿ ಗುಬ್ಬಿಗೆ ಸುಮಾರು 20 ಕಿ.ಮೀ., ಕುಣಿಗಲ್‌ಗೆ ಸುಮಾರು 35 ಕಿ.ಮೀ. ಕುಣಿಗಲ್ ಅಂತೂ ಮಂಗಳೂರು–ಬೆಂಗಳೂರು ಹೆದ್ದಾರಿಯ ಮೇಲೆಯೇ ಇದೆ. ದೂರ ಇಲ್ಲಿ ಅಡ್ಡಿಯಲ್ಲ. ಸರ್ಕಾರಿ ಆಸ್ಪತ್ರೆಗಳ ಔಷಧವನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಖರೀದಿಸುತ್ತದೆ, ಅದು ಜಿಲ್ಲಾ ಉಗ್ರಾಣಕ್ಕೆ ಬರುತ್ತದೆ, ಅಲ್ಲಿಂದ ಆಸ್ಪತ್ರೆಗಳು ಬೇಡಿಕೆ ಪಟ್ಟಿ ಕೊಟ್ಟು ಎತ್ತಿಕೊಳ್ಳುತ್ತವೆ. ಟೆಂಡರ್ ತಡವಾದರೆ, ಗುಣಮಟ್ಟ ಪರೀಕ್ಷೆಯಲ್ಲಿ ಸರಕು ಬಿದ್ದರೆ, ಪಟ್ಟಿ ಸರಿಯಾಗಿ ಹೋಗದಿದ್ದರೆ ಕೊನೆಯ ಕಪಾಟು ಬರಿದಾಗುತ್ತದೆ. 2024ರ ಮಾರ್ಚ್‌ನಲ್ಲಿ ಕ್ಷಯರೋಗದ ಮಾತ್ರೆಗಳ ಕೇಂದ್ರ ಪೂರೈಕೆ ಕುಂಠಿತವಾಗಿ, ರಾಜ್ಯಗಳೇ ಸ್ಥಳೀಯವಾಗಿ ಕೊಳ್ಳಲು ಕೇಂದ್ರ ಸೂಚಿಸಬೇಕಾಯಿತು.

ದಾನಿಗಳಿಗೆ ಸಾಮಾನ್ಯವಾಗಿ ಯಂತ್ರ ಕೊಡುವುದೇ ಇಷ್ಟ. ಯಂತ್ರದ ಮೇಲೆ ಹೆಸರು ಬರೆಸಬಹುದು, ಫೋಟೋ ತೆಗೆಸಬಹುದು. ಆದರೆ ಕಾನ್ಸಂಟ್ರೇಟರ್‌ಗೆ ನಿರಂತರ ವಿದ್ಯುತ್ ಬೇಕು, ಫಿಲ್ಟರ್ ತೊಳೆಯುತ್ತಿರಬೇಕು. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಒಳಗಿನ ಜಿಯೋಲೈಟ್ ತೇವ ಹೀರಿ ಆಮ್ಲಜನಕದ ಶುದ್ಧತೆ ಇಳಿಯುತ್ತದೆ. ಕೆಲವು ದೇಶಗಳಲ್ಲಿ ದಾನವಾಗಿ ಬಂದ ಉಪಕರಣಗಳಲ್ಲಿ ಶೇ. 10ರಿಂದ 30ರಷ್ಟು ಮಾತ್ರ ಬಳಕೆಗೆ ಬರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಬರೆದಿದೆ. ಔಷಧದ ಕಥೆಯೂ ಅದೇ. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ಆಚೆ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧ ಬಂತು. ಹೆಚ್ಚಿನವುಗಳ ಮೇಲಿನ ಬರಹ ಅಲ್ಲಿಯವರಿಗೆ ಓದಲು ಬಾರದ ಭಾಷೆಯಲ್ಲಿತ್ತು.

ಸರಿಯಾಗಿ ನಡೆದ ಉದಾಹರಣೆಯೂ ನಮ್ಮಲ್ಲೇ ಇದೆ. 2015ರಲ್ಲಿ ಆರಂಭವಾದ ‘ಇ-ವಿನ್’ ಜಾಲಕ್ಕೆ ಗಾವಿ ಲಸಿಕಾ ಒಕ್ಕೂಟ ಮತ್ತು ಯುಎನ್‌ಡಿಪಿ ನೆರವಾದವು. ಲಸಿಕೆ ಇರುವ ಪ್ರತಿ ಶೀತಲ ಪೆಟ್ಟಿಗೆಯ ತಾಪಮಾನ 2ರಿಂದ 8 ಡಿಗ್ರಿಯೊಳಗೆ ಇದೆಯೇ, ದಾಸ್ತಾನು ಎಷ್ಟಿದೆ ಎಂಬುದು ಮೊಬೈಲ್‌ನಲ್ಲೇ ತಿಳಿಯುತ್ತದೆ. ಇಲ್ಲಿ ವಿದೇಶದ ಹಣ ಹೋದದ್ದು ಲಸಿಕೆಯ ಬಾಟಲಿಗಲ್ಲ, ಲೆಕ್ಕ ಮತ್ತು ತರಬೇತಿಗೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಲಾಗದ ದಾನ ಇದು.

ಕಾನೂನಿನ ಒಂದು ಅಂಶ ಕುಟುಂಬಗಳಿಗೆ ತಿಳಿದಿರಬೇಕು. 2020ರ ಎಫ್‌ಸಿಆರ್‌ಎ ತಿದ್ದುಪಡಿಯ ನಂತರ, ವಿದೇಶಿ ದೇಣಿಗೆ ಪಡೆದ ಟ್ರಸ್ಟ್ ಅದನ್ನು ಇನ್ನೊಂದು ಟ್ರಸ್ಟ್‌ಗೆ ವರ್ಗಾಯಿಸುವಂತಿಲ್ಲ. ಮುಂಬೈನ ದೊಡ್ಡ ಸಂಸ್ಥೆಗೆ ಬಂದ ಹಣ ತುಮಕೂರಿನ ಚಿಕ್ಕ ಟ್ರಸ್ಟ್‌ಗೆ ಹರಿದುಬರುತ್ತಿದ್ದ ದಾರಿ ಇದರಿಂದ ಮುಚ್ಚಿದೆ. ಉಪಕರಣ ಕಳುಹಿಸಿದರೂ ಅದು ವಿದೇಶಿ ದೇಣಿಗೆಯೇ ಆಗಬಹುದು. ಆದರೆ ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣಕ್ಕೆ ಈ ನಿರ್ಬಂಧವಿಲ್ಲ. ಬೇರೆ ದೇಶದ ಪೌರತ್ವ ಪಡೆದ ಮಕ್ಕಳ ಹಣಕ್ಕೆ ಇದೆ. ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಎರಡು ನಿಯಮ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ತುರ್ತಿನ ಸ್ಥಳೀಯ ಖರೀದಿ, ಸಣ್ಣ ದುರಸ್ತಿ ಇವುಗಳ ಮೂಲಕ ನಡೆಯುತ್ತವೆ. ಮಂದರಗಿರಿ ಬಸದಿಗಳ ದರ್ಶನಕ್ಕೆ ಊರಿಗೆ ಬಂದ ಅನಿವಾಸಿ ಕುಟುಂಬ ಅರ್ಧ ದಿನ ಬಿಡುವು ಮಾಡಿಕೊಂಡರೆ ಗುಬ್ಬಿಗೋ ಕುಣಿಗಲ್‌ಗೋ ಹೋಗಿ ಆಡಳಿತ ವೈದ್ಯಾಧಿಕಾರಿ ಮತ್ತು ಫಾರ್ಮಸಿಸ್ಟ್‌ರನ್ನು ಕಾಣಬಹುದು. ಕಳೆದ ಮೂರು ತಿಂಗಳಲ್ಲಿ ಬೇಡಿಕೆ ಕಳುಹಿಸಿಯೂ ಬಾರದ ಔಷಧ ಯಾವುದು, ಕೆಟ್ಟು ನಿಂತ ಯಂತ್ರ ಯಾವುದು, ಅದನ್ನು ರಿಪೇರಿ ಮಾಡುವವರು ಯಾರು ಎಂದು ಕೇಳಿದ ಮೇಲೆ ಚೆಕ್ ಬರೆಯಬಹುದು.