ಚರ್ಮದ ಬಣ್ಣವೂ ಬೆಳಕಿನ ಲೆಕ್ಕವೂ

ಮುಖದ ಮೇಲೊಂದು ಕಲೆ ಕಂಡಾಗ, ಬಾಚಣಿಗೆಯಲ್ಲಿ ಕೂದಲಿನ ಗಂಟು ಬಂದಾಗ, ಮನುಷ್ಯನು ಮೊದಲು ಮಾಡುವ ಕೆಲಸವೆಂದರೆ ಸಲಹೆ ಕೇಳುವುದು. ಆ ಸಲಹೆಯನ್ನು ಯಾರಲ್ಲಿ ಕೇಳಬೇಕು ಎಂಬುದೇ ಪ್ರಕೃತ ನಮ್ಮ ವಿಷಯ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಕಂಡಂತೆ, ಇಂಥ ಪ್ರಶ್ನೆ ಮೊದಲು ನೆರೆಮನೆಗೆ ಹೋಗುತ್ತದೆ. ಅಲ್ಲಿಂದ ಔಷಧದಂಗಡಿಗೆ, ಆಮೇಲೆ ಬ್ಯೂಟಿ ಪಾರ್ಲರಿಗೆ. ಕೈಯಲ್ಲಿರುವ ಮೊಬೈಲು ಈ ಮೂವರಿಗಿಂತಲೂ ಮೊದಲೇ ಉತ್ತರ ಹೇಳಿಬಿಟ್ಟಿರುತ್ತದೆ. ಚರ್ಮವೈದ್ಯರ ಸರದಿ ಬರುವುದು ಎಲ್ಲಕ್ಕೂ ಕೊನೆಯಲ್ಲಿ. ಅದೂ ಹಲವರ ಪಾಲಿಗೆ ಹುಬ್ಬಳ್ಳಿ ಧಾರವಾಡಗಳ ಬಸ್ಸು ಹಿಡಿದು, ಒಂದು ದಿನದ ಕೂಲಿಯನ್ನು ಬಿಟ್ಟು ಹೋಗುವ ಪ್ರಯಾಣ.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವರು. ಆದರೆ ಇಂದಿನ ಸೌಂದರ್ಯ ಚಿಕಿತ್ಸೆಯಲ್ಲಿ ಬೆಳಕು ಮತ್ತು ಶಾಖಗಳ ಪಾತ್ರ ಬಹು ದೊಡ್ಡದಾಗಿರುವುದರಿಂದ, ಬೆಳಕಿನ ಪಾಠ ಹೇಳುವವರಿಗೂ ಇಲ್ಲಿ ಒಂದೆರಡು ಮಾತು ಆಡುವ ಹೊಣೆ ಉಂಟೆಂದು ಭಾವಿಸುತ್ತೇವೆ. ಶಸ್ತ್ರಕ್ರಿಯೆಯಿಲ್ಲ, ಕತ್ತಿ ತಾಗುವುದಿಲ್ಲ, ರಕ್ತ ಬರುವುದಿಲ್ಲ ಎಂಬ ಮಾತನ್ನು ಕೇಳಿದೊಡನೆ ಅಪಾಯವೂ ಇಲ್ಲವೆಂದು ಜನರು ತಿಳಿಯುತ್ತಾರೆ. ಈ ತಿಳಿವಳಿಕೆ ಸರಿಯಲ್ಲ. ಕತ್ತಿಯಿಲ್ಲದೆಯೂ ಚರ್ಮ ಸುಡಬಲ್ಲದು. ಗಾಯವಿಲ್ಲದೆಯೂ ಮೂತ್ರಪಿಂಡ ಕೆಡಬಲ್ಲದು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚೆಲುವಾಗಿ ಕಾಣಬೇಕೆಂಬ ಬಯಕೆಯನ್ನು ನಾವು ಹಳಿಯುವವರಲ್ಲ. ಮೊಡವೆಯ ಕುಳಿಗಳಿಂದ ಮುಖ ಮುಚ್ಚಿಕೊಂಡು ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗನ ಸಂಕಟ ನಿಜವಾದುದು. ಗಲ್ಲದ ಮೇಲೆ ಕೂದಲು ಬೆಳೆಯುತ್ತಿರುವ ಹುಡುಗಿಯ ಅಳಲೂ, ತೊನ್ನಿನ ಮಚ್ಚೆಗಾಗಿ ಮದುವೆಯ ಮಾತು ಮುರಿದುಬಿದ್ದ ಮನೆಯ ದುಃಖವೂ ಸುಳ್ಳಲ್ಲ. ಇವರು ಸಲಹೆಗಾಗಿ ಹೊರಟದ್ದು ಸರಿಯೇ. ಆದಕಾರಣವೇ ಅವರಿಗೆ ಸಿಕ್ಕುವ ಸಲಹೆ ಸರಿಯಾಗಿರಬೇಕು.

ಈ ಸೀಮೆಯ ಜನರನ್ನು ಒಮ್ಮೆ ನೋಡಿರಿ. ಕೆಲವು ಶತಮಾನಗಳ ಹಿಂದೆ ಆಫ್ರಿಕದಿಂದ ಪಶ್ಚಿಮ ಕರಾವಳಿಗೆ ತರಲ್ಪಟ್ಟವರ ವಂಶಜರಾದ ಸಿದ್ದಿಗಳು ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರಗಳ ಕಾಡಂಚಿನಲ್ಲಿ ಬಾಳುತ್ತಿದ್ದಾರೆ. ಮುಂಡಗೋಡದ ಬಳಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಜೋಯಿಡಾದಲ್ಲಿ ಕುಣಬಿಗಳಿದ್ದಾರೆ, ಹುಲ್ಲುಗಾವಲುಗಳ ಮಗ್ಗುಲಲ್ಲಿ ಗೌಳಿಗಳಿದ್ದಾರೆ. ಕಾಗದದ ಗಿರಣಿಯ ಸುತ್ತ ಬೆಳೆದ ದಾಂಡೇಲಿಗೆ ನಾಲ್ಕು ದಿಕ್ಕುಗಳಿಂದಲೂ ಕೆಲಸಗಾರರು ಬಂದಿದ್ದಾರೆ. ಮಾನವ ಚರ್ಮದ ಬಣ್ಣಗಳಲ್ಲಿ ಬಹುಪಾಲನ್ನು ಒಂದೇ ಸಂತೆಯಲ್ಲಿ ಕಾಣಬಹುದಾದ ನಾಡು ಇದು. ಇಂಥಲ್ಲಿ ಒಬ್ಬರಿಗೆ ಒಪ್ಪಿದ ಚಿಕಿತ್ಸೆಯನ್ನು ಇನ್ನೊಬ್ಬರಿಗೆ ಹೇಳುವುದು ಬರಿಯ ಅವಸರದ ಮಾತಲ್ಲ. ಭೌತಶಾಸ್ತ್ರದ ನಿಯಮಕ್ಕೇ ವಿರುದ್ಧವಾದ ಮಾತು.

ಅದು ಹೇಗೆಂಬುದನ್ನು ಲೇಸರ್ ಕಿರಣದಿಂದ ಕೂದಲು ತೆಗೆಯುವ ಚಿಕಿತ್ಸೆಯಲ್ಲಿ ನೋಡೋಣ. ಬಿಸಿಲಿನಲ್ಲಿ ಕರಿಯ ಕಂಬಳಿಯನ್ನೂ ಬಿಳಿಯ ಪಂಚೆಯನ್ನೂ ಹರವಿದರೆ ಕಂಬಳಿಯೇ ಹೆಚ್ಚು ಕಾಯುತ್ತದೆ. ಕಪ್ಪು ವಸ್ತು ಬೆಳಕನ್ನು ಹೀರಿ ಶಾಖವಾಗಿ ಮಾರ್ಪಡಿಸುತ್ತದೆ. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯ ಮಾಡುವ ಕೆಲಸವೂ ಇದೇ. ಲೇಸರ್ ಬೆಳಕು ಚರ್ಮವನ್ನು ಹಾಯ್ದು ಒಳಗಿನ ಕೂದಲಿನ ಮೆಲನಿನ್ನಿಗೆ ತಾಗಿದಾಗ ಅಲ್ಲಿ ಶಾಖ ಹುಟ್ಟಿ ಕೂದಲಿನ ಬೇರು ಬೆಂದುಹೋಗುತ್ತದೆ. ಒಂದು ವಸ್ತುವನ್ನೇ ಆರಿಸಿ ಕಾಯಿಸುವ ಈ ತತ್ತ್ವವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ವಿಜ್ಞಾನಿಗಳು 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು.

ತೊಡಕು ಇರುವುದು ದಾರಿಯಲ್ಲಿ. ಕೂದಲಿನ ಬೇರನ್ನು ಮುಟ್ಟುವುದಕ್ಕೆ ಮುನ್ನ ಬೆಳಕು ಮೇಲ್ಪದರದ ಚರ್ಮವನ್ನು ದಾಟಬೇಕು. ಅಲ್ಲಿಯೂ ಮೆಲನಿನ್ ಇದೆಯಷ್ಟೆ! ಬಿಳಿಯ ಚರ್ಮದಲ್ಲಿ ಅದು ಕಡಮೆ. ಬೆಳಕು ಸುಲಭವಾಗಿ ಒಳಗಿಳಿಯುತ್ತದೆ. ಕಪ್ಪು ಚರ್ಮದಲ್ಲಿ ಅದು ಹೆಚ್ಚು. ಕೂದಲಿಗೆಂದು ಕಳಿಸಿದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಚರ್ಮವೇ ಹೀರಿ ತಾನೇ ಬೇಯುತ್ತದೆ. ಇದರಿಂದ ಪಾರಾಗುವ ಉಪಾಯವೂ ಭೌತಶಾಸ್ತ್ರದಲ್ಲಿಯೇ ಇದೆ. ಬೆಳಕಿನ ತರಂಗದೂರ, ಎಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ಅಂತರ, ಹೆಚ್ಚಿದಂತೆಲ್ಲ ಮೆಲನಿನ್ ಅದನ್ನು ಹೀರುವುದು ಕಡಮೆಯಾಗುತ್ತದೆ. ಮಾಣಿಕ್ಯದ ಲೇಸರಿನ ತರಂಗದೂರ 694 ನ್ಯಾನೊಮೀಟರು, ಅಲೆಕ್ಸಾಂಡ್ರೈಟಿನದು 755, ಸಾಮಾನ್ಯವಾಗಿ ಬಳಸುವ ಡಯೋಡಿನದು 800ರ ಆಚೀಚೆ, ಎನ್‌ಡಿ ಯಾಗ್ ಎಂಬುದರದು 1064. ಈ ಕೊನೆಯದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತವೆಂದು ವೈದ್ಯರು ಆರಿಸಿಕೊಳ್ಳುವುದು ಇದನ್ನೇ.

ಕಾಲದ ಲೆಕ್ಕವೂ ಇದೆ. ತಂಬಿಗೆಯ ಬಿಸಿನೀರು ಹಂಡೆಯ ನೀರಿಗಿಂತ ಬೇಗ ಆರುವಂತೆ, ತೆಳುವಾದ ಮೇಲ್ಪದರವು ದಪ್ಪನಾದ ಕೂದಲಿನ ಬೇರಿಗಿಂತ ಬೇಗ ಶಾಖವನ್ನು ಬಿಟ್ಟುಕೊಡುತ್ತದೆ. ಆದುದರಿಂದ ಬೆಳಕನ್ನು ಒಮ್ಮೆಗೇ ಸುರಿಯದೆ, ಸೆಕೆಂಡಿನ ಸಾವಿರದ ಒಂದು ಭಾಗಗಳಲ್ಲಿ ಅಳೆಯುವ ಕಾಲವನ್ನು ತುಸು ಹಿಗ್ಗಿಸಿ, ಚರ್ಮವನ್ನು ಜೊತೆಯಲ್ಲಿಯೇ ತಂಪುಮಾಡುತ್ತ ಹೋದರೆ ಬೇರು ಬೇಯುತ್ತದೆ, ಚರ್ಮ ಉಳಿಯುತ್ತದೆ. ತರಂಗದೂರ, ಕಾಲ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ ಈ ಮೂರನ್ನೂ ಎದುರಿಗಿರುವ ಚರ್ಮವನ್ನು ನೋಡಿ ಗೊತ್ತುಮಾಡಬೇಕು. ಯಂತ್ರದ ಗುಂಡಿ ಒತ್ತುವುದನ್ನು ಅರ್ಧ ದಿನದಲ್ಲಿ ಕಲಿಯಬಹುದು. ಎಷ್ಟು ಒತ್ತಬೇಕೆಂಬುದನ್ನು ಕಲಿಯಲು ವರ್ಷಗಳು ಬೇಕು.

ಲೆಕ್ಕ ತಪ್ಪಿದರೆ ಆಗುವುದೇನು? ಗೋದಿಬಣ್ಣದ, ಕಂದುಬಣ್ಣದ, ಕಪ್ಪುಬಣ್ಣದ ಚರ್ಮಕ್ಕೆ ಒಂದು ಸ್ವಭಾವವುಂಟು. ಸುಟ್ಟರೂ, ಉರಿಯೆದ್ದರೂ ಆ ಜಾಗ ಗುಣವಾದ ಮೇಲೆ ಇನ್ನಷ್ಟು ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಲೆ ತೆಗೆಸಲು ಹೋದವರು ಹೊಸ ಕಲೆಯನ್ನು ಹೊತ್ತು ಬರುತ್ತಾರೆ. ರಾಸಾಯನಿಕಗಳಿಂದ ಮೇಲ್ಪದರವನ್ನು ಸುಲಿಯುವ ‘ಪೀಲಿಂಗ್’ ಚಿಕಿತ್ಸೆಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಚರ್ಮದ ಬಗೆಗಳನ್ನು ಗುರುತಿಸಲು ವೈದ್ಯರು ಬಳಸುವ ಫಿಟ್ಸ್‌ಪ್ಯಾಟ್ರಿಕ್ ವರ್ಗೀಕರಣವೇ 1975ರಲ್ಲಿ ಹುಟ್ಟಿದಾಗ ಬಿಳಿಯ ಚರ್ಮವನ್ನು ಕುರಿತದ್ದಾಗಿತ್ತು; ಕಂದು ಮತ್ತು ಕಪ್ಪು ಚರ್ಮಗಳ ತರಗತಿಗಳು ಅದಕ್ಕೆ ಸೇರಿದ್ದು ಆಮೇಲೆ. ಬೇರೆಯವರ ಚರ್ಮಕ್ಕೆ ಕೂಡಿಸಿದ ಲೆಕ್ಕವನ್ನು ನಮ್ಮ ಚರ್ಮದ ಮೇಲೆ ಪರೀಕ್ಷೆಯಿಲ್ಲದೆ ಪ್ರಯೋಗಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಲೇಸರ್ ದುಬಾರಿಯಾದುದರಿಂದ ಅನೇಕರು ಅದರತ್ತ ಹೋಗಲಾರರು. ಅವರಿಗೆ ಸಿಕ್ಕುವುದು ಮುಲಾಮಿನ ಕೊಳವೆ. ಇಲ್ಲಿ ಎರಡು ವಿಷಗಳ ವಿಷಯ ತಿಳಿದಿರಬೇಕು. ಮೊದಲನೆಯದು ಸ್ಟೆರಾಯ್ಡ್. ತುರಿಕೆ, ಇಸಬುಗಳಿಗೆ ವೈದ್ಯರು ಕೆಲವೇ ದಿನ ಬರೆದುಕೊಡುವಾಗ ಅದು ಒಳ್ಳೆಯ ಔಷಧ. ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕೆಂಪು ದಾರದಂತೆ ತೋರುತ್ತವೆ, ಮೊಡವೆ ಏಳುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಚೀಟಿ ಕೇಳದೆ ಕೊಡುವುದು ಉಪಕಾರವಲ್ಲ, ಕಾನೂನಿನ ಉಲ್ಲಂಘನೆ.

ಎರಡನೆಯದು ಪಾದರಸ. ಮೆಲನಿನ್ ತಯಾರಾಗುವುದನ್ನು ತಡೆದು ಅದು ಚರ್ಮವನ್ನು ಬೆಳ್ಳಗೆ ಮಾಡುತ್ತದೆ. ಒಡನೆಯೇ ಚರ್ಮದ ಮೂಲಕ ದೇಹವನ್ನು ಸೇರಿ ಮೂತ್ರಪಿಂಡಕ್ಕೆ ತಗಲುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಕಂಡ ಒಂದು ಬಗೆಯ ಮೂತ್ರಪಿಂಡದ ರೋಗದ 22 ಪ್ರಕರಣಗಳನ್ನು ವರದಿ ಮಾಡಿದರು. ಅವುಗಳಲ್ಲಿ 15 ಅಪರೂಪದ ಒಂದೇ ಉಪಜಾತಿಗೆ ಸೇರಿದ್ದವು. ಆ 15 ಮಂದಿಯಲ್ಲಿ 13 ಮಂದಿ ಬಣ್ಣ ಬಿಳಿಮಾಡುವ ಕ್ರೀಮು ಹಚ್ಚಿದವರು. ಹೆಸರು ವಿಳಾಸಗಳಿಲ್ಲದ, ತಯಾರಕರು ಯಾರೆಂದು ಬರೆಯದ ಡಬ್ಬಿ ಎಷ್ಟೇ ಬೇಗ ಗುಣ ತೋರಿದರೂ ಮನೆಯೊಳಗೆ ಬರಕೂಡದು. ಬೇಗ ಗುಣ ತೋರುವುದೇ ಅದರ ಮೇಲಿನ ಸಂಶಯಕ್ಕೆ ಕಾರಣವಾಗಬೇಕು.

ಇನ್ನು ಕೂದಲು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಲ್ಲಿಯೂ ಸಹಜ. ಕಾಯಿಲೆಯ ಜ್ವರ ಬಂದು ಹೋದ ಮೇಲೆ, ಹೆರಿಗೆಯಾದ ಮೇಲೆ, ಎರಡು ಮೂರು ತಿಂಗಳು ಕಳೆದು ರಾಶಿರಾಶಿಯಾಗಿ ಉದುರುವುದುಂಟು. ಬಹುಪಾಲು ಜನರಲ್ಲಿ ಅದು ಕೆಲವು ತಿಂಗಳಲ್ಲಿ ತಾನಾಗಿಯೇ ನಿಂತು ಮತ್ತೆ ಬೆಳೆಯುತ್ತದೆ. ಆ ನಡುವೆ ಹಚ್ಚಿದ ಎಣ್ಣೆಗೆ ಕೀರ್ತಿ ಬರುತ್ತದೆ! ಕಾರಣವಲ್ಲದುದನ್ನು ಕಾರಣವೆಂದು ಬಗೆಯುವ ಈ ದೋಷವೇ ಅರ್ಧ ವ್ಯಾಪಾರವನ್ನು ನಡೆಸುತ್ತಿದೆ. ಗುಣಕಾರಿಯೆಂದು ಪರೀಕ್ಷೆಯಲ್ಲಿ ನಿಂತ ಔಷಧಗಳು ಇಲ್ಲವೆಂದಲ್ಲ. ರಕ್ತದೊತ್ತಡಕ್ಕೆಂದು ಕಂಡುಹಿಡಿದ ಮಿನಾಕ್ಸಿಡಿಲ್ ತಲೆಗೆ ಹಚ್ಚುವ ಔಷಧವಾಗಿ 1988ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಆದರೆ ಉದುರುವುದಕ್ಕೆ ಕಾರಣ ಕಬ್ಬಿಣದ ಕೊರತೆಯೋ, ಥೈರಾಯ್ಡಿನ ತೊಂದರೆಯೋ ಆಗಿದ್ದರೆ ಮೊದಲು ನೋಡಬೇಕಾದುದು ರಕ್ತವನ್ನು.

ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸುವ ಹುಮ್ಮಸ್ಸಿನ ವಿಷಯದಲ್ಲಿಯೂ ಒಂದು ಮಾತು. 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಮಹಿಳೆಯೊಬ್ಬಳ ಪ್ರಕರಣವನ್ನು ಪ್ರಕಟಿಸಿದರು. 2020, 2021, 2022ರಲ್ಲಿ ಮೂರು ಬಾರಿ ಕೂದಲು ನೇರಮಾಡಿಸಿಕೊಂಡ ಆಕೆಗೆ ಮೂರು ಬಾರಿಯೂ ಮೂತ್ರಪಿಂಡಕ್ಕೆ ಪೆಟ್ಟಾಯಿತು. ಬಳಸಿದ ಕ್ರೀಮಿನಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿತ್ತು. ತಲೆಗೆ ಹಚ್ಚಿದ್ದು ತಲೆಯಲ್ಲಿಯೇ ಉಳಿಯುವುದಿಲ್ಲವೆಂಬುದನ್ನು ಮರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯ ಇದು: ಸಲಹೆ ಹೇಳುವ ಬಾಯಿಯೂ ಸರಕು ಮಾರುವ ಕೈಯೂ ಒಬ್ಬರದೇ ಆಗಿರುವಲ್ಲಿ ಸಲಹೆಯನ್ನು ನಂಬಬಾರದು. ಮಾರುವವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಪಾರ್ಲರ್ ನಡೆಸುವ ಹೆಣ್ಣುಮಗಳು ದುಡಿದು ಸಂಸಾರ ಸಾಗಿಸುವವಳು. ಆದರೆ ‘ನಿಮಗೆ ಇದು ಬೇಡ’ ಎಂಬುದೂ ಒಂದು ಸಲಹೆಯೇ. ಅದನ್ನು ಹೇಳಿದರೆ ನಷ್ಟವಾಗುವವರಿಂದ ಅದನ್ನು ನಿರೀಕ್ಷಿಸುವುದು ಹೇಗೆ?

ಚಿಕಿತ್ಸೆಗೆ ಒಪ್ಪುವ ಮುನ್ನ ವಾಚಕರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಚಿಕಿತ್ಸೆ ಮಾಡುವವರು ನೋಂದಾಯಿತ ವೈದ್ಯರೆ? ಯಂತ್ರ ಯಾವುದು, ಅದರ ತರಂಗದೂರ ಎಷ್ಟು, ನಮ್ಮ ಬಣ್ಣದ ಚರ್ಮಕ್ಕೆ ಅದನ್ನು ಮೊದಲು ಬಳಸಿದ್ದುಂಟೆ? ಕಿವಿಯ ಹಿಂದೆ ಕಾಸಿನಗಲ ಜಾಗದಲ್ಲಿ ಪರೀಕ್ಷಿಸಿ, ಕೆಲವು ದಿನ ಕಾದು ನೋಡುವಿರಾ? ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು? ‘ಶಾಶ್ವತವಾಗಿ ಕೂದಲು ಹೋಗುತ್ತದೆ’ ಎಂಬ ಭರವಸೆ ಬಂದರೆ ಎದ್ದು ಬರಬಹುದು. ಅಮೆರಿಕದ ಔಷಧ ಇಲಾಖೆ ಸಹ ಈ ಯಂತ್ರಗಳ ವಿಷಯದಲ್ಲಿ ಒಪ್ಪಿರುವುದು ಕೂದಲು ಬಹುಕಾಲ ಕಡಮೆಯಾಗುತ್ತದೆ ಎಂಬಷ್ಟನ್ನೇ. ನರೆತ ಕೂದಲಿನಲ್ಲಿ ಮೆಲನಿನ್ ಇಲ್ಲದಿರುವುದರಿಂದ ಅದರ ಮೇಲೆ ಈ ಲೇಸರ್ ನಡೆಯದು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಚಿಕಿತ್ಸಾಲಯಗಳು ನೋಂದಣಿ ಪಡೆದಿರಬೇಕು, ದರಪಟ್ಟಿಯನ್ನು ತೋರಿಸಬೇಕು. ಗೋಡೆಯ ಮೇಲೆ ಅದನ್ನು ಹುಡುಕುವುದು ನಮ್ಮ ಹಕ್ಕು.

ಪ್ರಶ್ನೆ ಕೇಳುವುದು ಜನರ ಕೆಲಸವಾದರೆ ಉತ್ತರ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ. ಹುಬ್ಬಳ್ಳಿಯಲ್ಲಿಯೂ ಕಾರವಾರದಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಚರ್ಮವಿಭಾಗದ ವೈದ್ಯರು ತಿಂಗಳಿಗೆ ಗೊತ್ತಾದ ಒಂದು ದಿನ ಈ ತಾಲ್ಲೂಕುಗಳ ಆಸ್ಪತ್ರೆಗೆ ಬರುವಂತೆ ಏರ್ಪಾಡಾದರೆ, ಅದೂ ಸಂತೆಯ ದಿನವೇ ಆದರೆ, ಎಷ್ಟೋ ಮುಖಗಳು ಉಳಿದಾವು. ಅಲ್ಲಿಯವರೆಗೆ ಇ-ಸಂಜೀವನಿಯೆಂಬ ಸರ್ಕಾರದ ದೂರವೈದ್ಯ ಸೇವೆಯನ್ನು ಮೊದಲ ಮಾತಿಗಾದರೂ ಬಳಸಬಹುದು. ಅದಕ್ಕೆ ಶುಲ್ಕವಿಲ್ಲ, ಬಸ್ಸಿನ ಖರ್ಚೂ ಇಲ್ಲ. ನಮ್ಮ ಶಾಲಾಕಾಲೇಜುಗಳಲ್ಲಿ ಬೆಳಕಿನ ಹೀರಿಕೆಯ ಪಾಠ ಹೇಳುವಾಗ ಮೇಷ್ಟರು ಕರಿಯ ಕಂಬಳಿಯ ಉದಾಹರಣೆಯ ಜೊತೆಗೆ ಚರ್ಮದ ಉದಾಹರಣೆಯನ್ನೂ ಸೇರಿಸಬೇಕು.

ಆ ಪಾಠದಿಂದ ಇನ್ನೊಂದು ಲಾಭವೂ ಉಂಟು. ಜಾಹೀರಾತು ಕೊರತೆಯೆಂದು ಹೇಳುವ ಮೆಲನಿನ್ ನಿಜವಾಗಿ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಎದುರಾಗಿ ದೇಹ ಹಿಡಿದ ಕೊಡೆ. ಸಿದ್ದಿ ಹುಡುಗಿಯೊಬ್ಬಳು ತನ್ನ ಚರ್ಮದಲ್ಲಿ ಆ ಕೊಡೆ ಎಲ್ಲರಿಗಿಂತ ಗಟ್ಟಿಯಾಗಿದೆಯೆಂದು ಶಾಲೆಯಲ್ಲಿಯೇ ತಿಳಿದುಕೊಂಡರೆ, ಮುಂದೆ ಅಂಗಡಿಯಲ್ಲಿ ಬಿಳಿಯ ಬಣ್ಣದ ಡಬ್ಬಿಯನ್ನು ಎದುರಿಗಿಟ್ಟಾಗ ಅದನ್ನು ಪಕ್ಕಕ್ಕೆ ಸರಿಸುವ ಧೈರ್ಯ ಅವಳಿಗೆ ಬಂದೀತು. ಮೊಡವೆಗೆ ಮದ್ದು ಬೇಕು, ತೊನ್ನಿಗೆ ಚಿಕಿತ್ಸೆ ಬೇಕು, ಸುಟ್ಟ ಗಾಯಕ್ಕೆ ಆರೈಕೆ ಬೇಕು. ಬಣ್ಣ ರೋಗವಲ್ಲ, ಅದಕ್ಕೆ ಮದ್ದು ಬೇಡ.