ನೋಟದ ಶಾಸ್ತ್ರ ಮತ್ತು ಕೈಯ ಶಿಕ್ಷಣ

ಕಣ್ಣು ನೋಡುತ್ತದೆಂಬುದು ಲೋಕದ ಮಾತು. ಅಕ್ಷಿಪಟದ ಮೇಲೆ ಬಿದ್ದ ಬೆಳಕು ವಿದ್ಯುತ್ ಸಂಜ್ಞೆಗಳಾಗಿ ಮೆದುಳನ್ನು ಸೇರಿ, ಅಲ್ಲಿ ಆಕಾರ ಚಲನೆಗಳಾಗಿ ಅರ್ಥಗೊಂಡಾಗಲೇ ನೋಟವು ಪೂರ್ಣವಾಗುವುದೆಂಬುದು ಶಾಸ್ತ್ರದ ಮಾತು. ಈ ಶಾಸ್ತ್ರವನ್ನು ಗ್ರಂಥಗಳಿಂದ ತಿಳಿಯಬಹುದು. ಅದನ್ನು ಪರೀಕ್ಷಿಸುವ ವಿಧಾನವನ್ನಾದರೋ ಕೈಯಿಂದಲೇ ಕಲಿಯಬೇಕು.

ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಡೇವಿಡ್ ಹ್ಯೂಬೆಲ್ ವೈದ್ಯಶಾಸ್ತ್ರವನ್ನು ಓದಿದವರು. ಆದರೂ ಲೇತ್ ಯಂತ್ರದ ಮುಂದೆ ನಿಂತು ಲೋಹದ ಕೆಲಸವನ್ನು ಕಲಿತರು. ಒಂದೊಂದೇ ನರಕೋಶದ ಸಂಜ್ಞೆಯನ್ನು ಹಿಡಿಯಲು ಟಂಗ್‌ಸ್ಟನ್ ತಂತಿಯ ತುದಿಯನ್ನು ಚೂಪುಗೊಳಿಸಿ, ಮೆರುಗೆಣ್ಣೆಯ ಲೇಪವಿತ್ತು, ಸೂಕ್ಷ್ಮವಾದ ಸೂಜಿಯನ್ನು ತಾವೇ ಸಿದ್ಧಪಡಿಸಿ 1957ರಲ್ಲಿ ಪ್ರಕಟಿಸಿದರು. ಮರುವರ್ಷ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಸ್ಟೀಫನ್ ಕಫ್ಲರ್ ಅವರ ಆಶ್ರಯದಲ್ಲಿ, ಟಾರ್ಸ್ಟನ್ ವೀಸೆಲ್ ಅವರೊಡನೆ ಬೆಕ್ಕಿನ ದೃಷ್ಟಿಯನ್ನು ಕುರಿತು ಪ್ರಯೋಗಕ್ಕೆ ತೊಡಗಿದರು. ಗಾಜಿನ ಫಲಕಕ್ಕೆ ಅಂಟಿಸಿದ ಕಪ್ಪು ಚುಕ್ಕೆಗೆ ನರಕೋಶವು ಸ್ಪಂದಿಸಲಿಲ್ಲ. ಫಲಕವನ್ನು ಉಪಕರಣದೊಳಗೆ ಸರಿಸುವಾಗ ಮಾತ್ರ ಧ್ವನಿವರ್ಧಕವು ಪಟಪಟನೆ ಸದ್ದುಮಾಡಿತು. ಕೋಶವು ಸ್ಪಂದಿಸಿದ್ದು ಫಲಕದ ಅಂಚಿನ ತೆಳುವಾದ, ಚಲಿಸುವ ನೆರಳಿಗೆ! ದೃಷ್ಟಿಯ ನರಕೋಶಗಳು ನಿರ್ದಿಷ್ಟ ಓರೆಯ ರೇಖೆಗಳನ್ನು ಗುರುತಿಸುತ್ತವೆಂಬ ತತ್ತ್ವ ಹೀಗೆ ದೊರೆಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಎಳವೆಯಲ್ಲೇ ಕಣ್ಣು ಮುಚ್ಚಿದ್ದರೆ ಮೆದುಳು ನೋಡಲು ಕಲಿಯದೆಂದು ಬೆಕ್ಕಿನ ಮರಿಗಳಲ್ಲಿ ಅವರು ಕಂಡದ್ದು, ಹುಟ್ಟುಪೊರೆಯುಳ್ಳ ಶಿಶುಗಳಿಗೆ ಬೇಗನೆ ಶಸ್ತ್ರಚಿಕಿತ್ಸೆ ನಡೆಯಬೇಕೆಂಬ ವಿವೇಕವನ್ನು ಬಲಪಡಿಸಿತು.

ಇಂದು ವಿಧಾನಗಳು ಬಹಳ ಮುಂದುವರಿದಿವೆ. 1990ರಲ್ಲಿ ವರದಿಯಾದ ಎರಡು ಫೋಟಾನ್‌ಗಳ ಸೂಕ್ಷ್ಮದರ್ಶಕದಿಂದ ಜೀವಂತ ಮೆದುಳಿನ ನೂರಾರು ಕೋಶಗಳನ್ನು ಏಕಕಾಲದಲ್ಲಿ ನೋಡಬಹುದು. ಗಣಕಯಂತ್ರವು ಲೆಕ್ಕವನ್ನು ತಾನೇ ಒಪ್ಪಿಸುತ್ತದೆ. ಇನ್ನು ಕೈಚಳಕವೇಕೆಂದು ಕೆಲವರು ಕೇಳುವುದುಂಟು. ಪ್ರಾಣಿಯ ಉಸಿರಾಟದಿಂದ ಚಿತ್ರ ಅಲುಗಿದರೆ, ಅರಿವಳಿಕೆ ಹೆಚ್ಚಾಗಿ ಕೋಶಗಳು ಮಂಕಾದರೆ, ಯಂತ್ರವು ಆ ದೋಷವನ್ನೂ ಅಂದವಾದ ನಕ್ಷೆಯಾಗಿ ಮುದ್ರಿಸಿಕೊಟ್ಟೀತು. ಅದನ್ನು ಗುರುತಿಸುವವನು ಅನುಭವಿಯ ಪಕ್ಕದಲ್ಲಿ ಕುಳಿತು ಪಳಗಿದ ವಿದ್ಯಾರ್ಥಿಯೇ. ಮೂಕಜೀವಿಗೆ ನೋವಾಗದಂತೆ ನಡೆದುಕೊಳ್ಳುವ ಎಚ್ಚರವೂ ಹಾಗೆಯೇ ಬರತಕ್ಕದ್ದು.

ಆದುದರಿಂದ ಪ್ರಯೋಗಶಾಲೆಗೆ ಉಪಕರಣಗಳನ್ನು ಒದಗಿಸುವ ಉದಾರಿಗಳು, ಅವುಗಳ ಬಳಿ ನಿಂತು ಕಲಿಸುವ ಗುರುವಿನ ವೇತನಕ್ಕೂ, ಶಿಷ್ಯನು ತಪ್ಪಿ ತಿದ್ದಿಕೊಳ್ಳಲು ಬೇಕಾದ ಅವಧಿಗೂ ದ್ರವ್ಯವನ್ನು ಮೀಸಲಿಡುವುದು ಉಚಿತ. ಬೀಗ ಹಾಕಿದ ಕಪಾಟಿನೊಳಗಿನ ಸೂಕ್ಷ್ಮದರ್ಶಕವು ಯಾರಿಗೂ ಏನನ್ನೂ ತೋರಿಸಲಾರದು.